ಸಾಕೆಟ್ ಮೂಲಕ ಫೈಲ್ ಕಳಿಸುವ ಪ್ರೋಗ್ರಾಂ: ಮೂರನೇ ಆವೃತ್ತಿಯವರೆಗೆ

ಸಲಕರಣೆ ಇಷ್ಟೇ: ಪೈಥಾನ್, ಟಿಸಿಪಿ ಸಾಕೆಟ್ (ಎರಡು ಯಂತ್ರಗಳ ಪ್ರೋಗ್ರಾಂಗಳು ಬೈಟ್‌ಗಳನ್ನು ಕಳಿಸಿಕೊಳ್ಳುವ ಸಂಪರ್ಕದ ತುದಿ), ಒಂದೇ ವೈಫೈಯಲ್ಲಿರುವ ಎರಡು ಲ್ಯಾಪ್‌ಟಾಪ್, ಪೋರ್ಟ್ (ಸಂಪರ್ಕ ಸೇರುವ ಬಾಗಿಲಿನ ಸಂಖ್ಯೆ) 5001.

ಮೊದಲ ಆವೃತ್ತಿ ಎಡವಿದ್ದು ಫೈಲ್ ಹೆಸರಿನಲ್ಲಿ. ಕಳಿಸುವ ಕಡೆ ಮೊದಲು ಹೆಸರು, ಆಮೇಲೆ ಫೋಟೋ ಎಂದು ಎರಡು ಸಲ ಸೆಂಡ್ ಮಾಡಿತು. ಪಡೆಯುವ ಕಡೆ ಮೊದಲ ರಿಸೀವ್‌ನಲ್ಲಿ ಬಂದದ್ದನ್ನೆಲ್ಲ ಹೆಸರೆಂದೇ ತಿಳಿಯಿತು; ಹೆಸರಿನ ಬಾಲಕ್ಕೆ ಫೋಟೋದ ಬೈಟ್‌ಗಳೂ ಅಂಟಿಕೊಂಡಿದ್ದವು. ಪೈಪಿನ ಈ ತುದಿಯಲ್ಲಿ ಮೂರು ಬಿಂದಿಗೆ ನೀರು ಸುರಿದರೆ, ಆ ತುದಿಯಲ್ಲಿ ನಿಂತವರಿಗೆ ಯಾವ ಬಿಂದಿಗೆ ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ. ಟಿಸಿಪಿಯೂ ಹಾಗೆಯೇ. ಅಳತೆಯನ್ನು ನಾವೇ ಹೇಳಿ ಕಳಿಸಬೇಕು.

ಎರಡನೇ ಆವೃತ್ತಿಯಲ್ಲಿ ಹೆಡರ್, ಅಂದರೆ ಫೈಲಿಗಿಂತ ಮೊದಲು ಹೋಗುವ ವಿವರ, ಬಂತು: ಹೆಸರಿನ ಉದ್ದಕ್ಕೆ 2 ಬೈಟ್, ಫೈಲಿನ ಗಾತ್ರಕ್ಕೆ 8 ಬೈಟ್, ಅದರ ಹಿಂದೆ ಹೆಸರು. ಗಾತ್ರಕ್ಕೆ 4 ಬೈಟ್ ಇಟ್ಟರೆ 4 ಜಿಬಿಗೇ ಲೆಕ್ಕ ಮುಗಿಯುತ್ತದೆ. ಸಂಖ್ಯೆಗಳನ್ನು ಬೈಟ್‌ಗಳಾಗಿಸುವ ಪೈಥಾನಿನ ಸ್ಟ್ರಕ್ಟ್ ಫಾರ್ಮ್ಯಾಟಿನ ಮೊದಲಿಗೆ ! ಚಿಹ್ನೆ ಹಾಕಲೇಬೇಕು. ಮರೆತರೆ 64-ಬಿಟ್ ಯಂತ್ರದಲ್ಲಿ ನಡುವೆ 6 ಖಾಲಿ ಬೈಟ್ ಸೇರಿ, 10 ಬೈಟಿನ ಹೆಡರ್ 16 ಆಗುತ್ತದೆ. ಬೈಟ್‌ಗಳ ಕ್ರಮವೂ ಯಂತ್ರದ ಇಷ್ಟದಂತೆ ಬದಲಾಗುತ್ತದೆ.

ಕನ್ನಡದ ಹೆಸರುಗಳಿಗೆ ಇನ್ನೊಂದು ಎಚ್ಚರ ಬೇಕು. ‘ಹಾಡು’ ಎಂಬುದನ್ನು ಪೈಥಾನ್ 4 ಎಂದು ಎಣಿಸುತ್ತದೆ: ಹ, ದೀರ್ಘ, ಡ, ಕೊಂಬು. ಅಕ್ಷರಗಳನ್ನು ಬೈಟ್‌ಗಳಾಗಿ ಎನ್‌ಕೋಡ್ ಮಾಡುವ ಯುಟಿಎಫ್-8ರಲ್ಲಿ ಪ್ರತಿಯೊಂದಕ್ಕೂ 3 ಬೈಟ್, ಒಟ್ಟು 12. ಎನ್‌ಕೋಡ್ ಮಾಡಿದ ಮೇಲೆಯೇ ಉದ್ದ ಅಳೆಯಬೇಕು. ಇಂಗ್ಲಿಷ್ ಹೆಸರುಗಳಲ್ಲೇ ಪರೀಕ್ಷಿಸಿದರೆ ಈ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ.

ರಿಸೀವ್‌ಗೆ 65536 ಬೈಟ್ ಕೇಳಿದರೆ ಅದು ಗರಿಷ್ಠ ಮಿತಿ ಅಷ್ಟೇ, ಕಡಿಮೆಯೂ ಬರಬಹುದು. ಹೆಡರಿನ 10 ಬೈಟಿಗೂ ಇದೇ ಮಾತು. ಹಾಗಾಗಿ ಉಳಿದ ಗಾತ್ರ ಸೊನ್ನೆಯಾಗುವವರೆಗೆ ಲೂಪ್. ಪ್ರತಿ ಸಲವೂ 65536 ಮತ್ತು ಉಳಿದದ್ದು, ಎರಡರಲ್ಲಿ ಚಿಕ್ಕದನ್ನು ಕೇಳುವುದು. ನಡುವೆ ಒಂದೂ ಬೈಟ್ ಇಲ್ಲದ ಖಾಲಿ ಉತ್ತರ ಬಂದರೆ ಆ ಕಡೆ ಸಂಪರ್ಕ ಮುಚ್ಚಿದೆ ಎಂದರ್ಥ. ಇದನ್ನು ಪರಿಶೀಲಿಸದಿದ್ದರೆ ಲೂಪ್ ಮುಗಿಯದೆ ಸುತ್ತುತ್ತದೆ. ಕಳಿಸುವ ಕಡೆ ಸೆಂಡ್ ಬದಲು, ಕೊಟ್ಟದ್ದನ್ನೆಲ್ಲ ಕಳಿಸುವವರೆಗೆ ಬಿಡದ ಸೆಂಡ್‌ಆಲ್. ಫೈಲ್ ತೆರೆಯುವುದು ಎರಡೂ ಕಡೆ, ಬೈಟ್‌ಗಳನ್ನು ಇದ್ದಂತೆಯೇ ಇಡುವ ಬೈನರಿ ಮೋಡ್‌ನಲ್ಲೇ.

ಮೂರನೆಯದರಲ್ಲಿ ಕೊನೆಗೆ, ಫೈಲಿನ ಬೈಟ್‌ಗಳಿಂದಲೇ ಲೆಕ್ಕಹಾಕಿದ ಗುರುತಾದ 32 ಬೈಟಿನ ಎಸ್‌ಎಚ್‌ಎ-256 ಸೇರಿತು. ಅದು ತಾಳೆಯಾಗುವ ತನಕ ಫೈಲ್ ತಾತ್ಕಾಲಿಕ ಹೆಸರಿನಲ್ಲೇ ಇರುತ್ತದೆ. ಬಂದ ಹೆಸರಿನಲ್ಲಿ ಫೋಲ್ಡರ್ ದಾರಿಯನ್ನು ಕಿತ್ತುಹಾಕುತ್ತೇವೆ. ಇಲ್ಲವಾದರೆ ಕಳಿಸಿದವರು ಎಲ್ಲಿ ಬೇಕಾದರೂ ಬರೆಯಬಹುದು.

ಸರ್ವರ್ (ಸಂಪರ್ಕಕ್ಕಾಗಿ ಕಾಯುವ ಕಡೆ) 127.0.0.1ಕ್ಕೆ, ಅಂದರೆ ಯಂತ್ರ ತನ್ನನ್ನೇ ಕರೆಯುವ ವಿಳಾಸಕ್ಕೆ, ಬೈಂಡ್ ಆಗಿದ್ದರೆ (ಅಂಟಿಕೊಂಡಿದ್ದರೆ) ಇನ್ನೊಂದು ಲ್ಯಾಪ್‌ಟಾಪಿಗೆ ಅದು ಸಿಗುವುದಿಲ್ಲ, ಯಂತ್ರದ ಎಲ್ಲ ವಿಳಾಸಗಳೂ ಎಂದರ್ಥದ 0.0.0.0 ಕೊಡಬೇಕು. ಲಿನಕ್ಸ್‌ನಲ್ಲಿ ಸರ್ವರ್ ನಿಲ್ಲಿಸಿ ಕೂಡಲೇ ಶುರುಮಾಡಿದಾಗ ‘ವಿಳಾಸ ಬಳಕೆಯಲ್ಲಿದೆ’ ಎಂದರೆ, ಬೈಂಡ್‌ಗೆ ಮೊದಲು ರೀಯೂಸ್ ಅಡ್ರೆಸ್ ಆಯ್ಕೆ ಹಾಕಿದರೆ ಸಾಕು.

ಬಾಕಿ ಇರುವುದು: ಅರ್ಧಕ್ಕೆ ಕಡಿದದ್ದನ್ನು ಮುಂದುವರಿಸುವುದು. ಹೆಡರ್ ಸಿಕ್ಕ ಮೇಲೆ ಪಡೆಯುವ ಕಡೆ ತನ್ನ ಬಳಿ ಎಷ್ಟಿದೆಯೆಂದು 8 ಬೈಟಿನಲ್ಲಿ ತಿಳಿಸುತ್ತದೆ, ಕಳಿಸುವ ಕಡೆ ಅಲ್ಲಿಂದಲೇ ಓದಲು ಶುರುಮಾಡುತ್ತದೆ.