ಹಾರಂಗಿ ಹಿನ್ನೀರಿನ ದಡದಲ್ಲಿ ಟೆಂಟ್ ಹಾಕುವ ಮುನ್ನ

ಕೊಡಗಿನಲ್ಲಿ ಕೆರೆ ಪಕ್ಕ ಟೆಂಟ್ ಹಾಕಿ ಮಲಗಬೇಕು ಎನ್ನುವವರ ಮನಸ್ಸಿನಲ್ಲಿ ಇರುವುದು ಸಾಮಾನ್ಯವಾಗಿ ಒಂದು ಫೋಟೊ. ನೀರಿಗೆ ಹತ್ತಡಿ ದೂರದಲ್ಲಿ ಕಿತ್ತಳೆ ಬಣ್ಣದ ಟೆಂಟು, ಹಿಂದೆ ಬೆಟ್ಟ, ನೀರಿನ ಮೇಲೆ ಮಂಜು. ಅದು ಯಾವ ತಿಂಗಳಲ್ಲಿ ತೆಗೆದದ್ದು ಅಂತ ಯಾರೂ ಕೇಳುವುದಿಲ್ಲ. ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ಕುಶಾಲನಗರದ ಸುತ್ತಮುತ್ತ ಸಿಗುವುದು ಕೆರೆಯಲ್ಲ, ಜಲಾಶಯದ ಹಿನ್ನೀರು. ಕೆರೆಯ ದಡ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಹಿನ್ನೀರಿನ ದಡ ತಿಂಗಳಿಗೊಂದು ಕಡೆ.

ಹಾರಂಗಿ ಅಣೆಕಟ್ಟೆ ಕುಶಾಲನಗರದಿಂದ ಒಂಬತ್ತು ಕಿ.ಮೀ. ಆಸುಪಾಸು. ಜಲಾಶಯದ ಗರಿಷ್ಠ ಮಟ್ಟ 2859 ಅಡಿ, ಹಿಡಿಯುವ ನೀರು 8.5 ಟಿಎಂಸಿ. ಪುಷ್ಪಗಿರಿ ಕಡೆ ಮಳೆ ಜೋರಾದರೆ ಜುಲೈನಲ್ಲೇ ತುಂಬಿಬಿಡುತ್ತದೆ. ಆಮೇಲೆ ನಾಲೆಗೂ ನದಿಗೂ ನೀರು ಬಿಟ್ಟ ಹಾಗೆ ಇಳಿಯುತ್ತ ಹೋಗಿ, ಏಪ್ರಿಲ್ ಹೊತ್ತಿಗೆ ದಡಕ್ಕೂ ನೀರಿಗೂ ನಡುವೆ ಬಿರುಕು ಬಿಟ್ಟ ಹೂಳಿನ ಬಯಲು ಬಿದ್ದಿರುತ್ತದೆ. 'ನೀರಂಚಿನ ಟೆಂಟ್' ಅಂತ ಬುಕ್ ಮಾಡಿದವರು ಆಗ ನೀರು ಮುಟ್ಟಲು ಕೆಸರು ತುಳಿದು ದೂರ ನಡೆಯಬೇಕು. ದಿನಪತ್ರಿಕೆಯ ಕೊಡಗು ಪುಟದಲ್ಲಿ ಹಾರಂಗಿಯ ಇಂದಿನ ಮಟ್ಟ, ಒಳಹರಿವು, ಹೊರಹರಿವು ಬರುತ್ತದೆ. ಹೊರಡುವ ಹದಿನೈದು ದಿನ ಮುಂಚಿನಿಂದ ಅದನ್ನು ನೋಡುತ್ತಿದ್ದರೆ ನೀರು ಎಲ್ಲಿದೆ, ಯಾವ ಕಡೆ ಹೋಗುತ್ತಿದೆ ಎರಡೂ ತಿಳಿಯುತ್ತದೆ.

ಈ ಕಡೆಯ ಇನ್ನೊಂದು ಜಲಾಶಯ ಚಿಕ್ಲಿಹೊಳೆ ಇದಕ್ಕಿಂತ ತುಂಬಾ ಚಿಕ್ಕದು. ತುಂಬಿದಾಗ ಅರ್ಧವೃತ್ತದ ಕೋಡಿಯ ಮೇಲಿಂದ ನೀರು ಬೀಳುವುದನ್ನು ನೋಡಲು ಜನ ಹೋಗುತ್ತಾರೆ. ಹಗಲು ನೋಡಿ ಬನ್ನಿ, ಆದರೆ ರಾತ್ರಿಗೆ ಅದು ಜಾಗವಲ್ಲ. ಪಕ್ಕದಲ್ಲೇ ಮೀನುಕೊಲ್ಲಿ ಮೀಸಲು ಅರಣ್ಯ, ಆನೆಗಳಿಗೆ ಅದು ನೀರಿನ ದಾರಿ. ಸೋಮವಾರಪೇಟೆ ಹತ್ತಿರ ದೊಡ್ಡಮಳ್ತೆಯ ಹೊನ್ನಮ್ಮನ ಕೆರೆ ನಿಜವಾದ ಕೆರೆಯೇ. ಆದರೆ ಗೌರಿ ಹಬ್ಬಕ್ಕೆ ಬಾಗಿನ ಅರ್ಪಿಸುವ ಕೆರೆ ಅದು, ಅಲ್ಲಿ ಬಿಡಾರ ಹೂಡುವ ಯೋಚನೆಯೇ ಬೇಡ.

ಅಣೆಕಟ್ಟೆಯ ಆವರಣದಲ್ಲಾಗಲಿ, ಮುಳುಗಡೆ ಜಾಗದಲ್ಲಾಗಲಿ ನಿಮ್ಮಷ್ಟಕ್ಕೆ ಟೆಂಟ್ ಹೊಡೆಯುವಂತಿಲ್ಲ. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ತಂಗುವುದು ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ಉಳಿಯುವುದು ಹಿನ್ನೀರಿಗೆ ತಾಗಿದ ಖಾಸಗಿ ತೋಟ, ಗದ್ದೆಗಳಲ್ಲಿರುವ ಹೋಂಸ್ಟೇಗಳು. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ ಅಂತ ಮೊದಲೇ ಕೇಳಿ. ಸಂಖ್ಯೆ ಹೇಳಲು ತಡವರಿಸಿದರೆ ಬೇರೆ ಕಡೆ ನೋಡಿ. ಎಲ್ಲರ ಗುರುತಿನ ಚೀಟಿ ಜೊತೆಗಿರಲಿ.

ಫೋನಿನಲ್ಲಿ ಕೇಳಬೇಕಾದ್ದು 'ವ್ಯೂ ಹೇಗಿದೆ' ಅಂತಲ್ಲ. ಈಗ ಟೆಂಟ್ ಜಾಗದಿಂದ ನೀರು ಎಷ್ಟು ದೂರ? ಶೌಚಾಲಯ ಎಷ್ಟು, ಎಷ್ಟು ದೂರ? ಕಾರು ಕೊನೆಯವರೆಗೆ ಬರುತ್ತದಾ, ಜೀಪೇ ಬೇಕಾ? ಮಳೆ ಹಿಡಿದರೆ ಓಡಿ ಹೋಗಲು ಗಟ್ಟಿ ಸೂರು ಇದೆಯಾ? ಸೋಲಾರ್ ಬೇಲಿ ರಾತ್ರಿ ಆನ್ ಇರುತ್ತದಾ? ಕಳೆದ ವಾರ ಆನೆ ಬಂದಿತ್ತಾ? ಕೊನೆಯ ಪ್ರಶ್ನೆಗೆ 'ನಮ್ಮ ಕಡೆ ಆನೆಯೇ ಇಲ್ಲ' ಎನ್ನುವವರಿಗಿಂತ, 'ಮೊನ್ನೆ ಮೇಲಿನ ತೋಟಕ್ಕೆ ಬಂದಿತ್ತು, ಇಂಥ ಕಡೆ ಹೋಗಬೇಡಿ' ಎನ್ನುವವರನ್ನು ನಂಬಬಹುದು.

ದಿನಾಂಕದ ವಿಷಯ. ಜೂನ್‌ನಿಂದ ಸೆಪ್ಟೆಂಬರ್ ಬೇಡ, ಚರ್ಚೆಯೇ ಇಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ನೀರು ಚೆನ್ನಾಗಿರುತ್ತದೆ, ಆದರೆ ಹಿಂಗಾರು ಮಧ್ಯಾಹ್ನ ಮೂರು ಗಂಟೆ ಮೇಲೆ ಯಾವಾಗ ಬೇಕಾದರೂ ಸುರಿಯುತ್ತದೆ. ಮಾರ್ಚ್, ಏಪ್ರಿಲ್‌ನ ಹೂಮಳೆ ಕಾಫಿಗೆ ವರ, ಟೆಂಟಿಗೆ ಅಲ್ಲ: ಗುಡುಗು, ಗಾಳಿ, ಆಲಿಕಲ್ಲು ಒಟ್ಟಿಗೇ ಬರಬಹುದು. ನನ್ನ ಲೆಕ್ಕದಲ್ಲಿ ಡಿಸೆಂಬರ್ ಮೊದಲ ವಾರದಿಂದ ಫೆಬ್ರವರಿ ಮಧ್ಯದವರೆಗೆ ಸರಿಯಾದ ಕಾಲ. ಅದರಲ್ಲೂ ಎರಡು ಕಿರಿಕಿರಿ ಇದೆ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ದಿನ ಮನೆಯವರು ಕದಿರು ತೆಗೆಯುವ ಸಡಗರದಲ್ಲಿರುತ್ತಾರೆ, ಕೆಲಸದವರೂ ಸಿಗುವುದಿಲ್ಲ. ಕಾಫಿ ಕುಯ್ಲು ಜೋರಾಗಿರುವಾಗ ಕಣದ ತುಂಬ ಹಣ್ಣು ಹರಡಿರುತ್ತದೆ. 'ಟೆಂಟನ್ನು ಕಣದಲ್ಲಿ ಹಾಕಿಕೊಳ್ಳುತ್ತೇವೆ' ಅಂತ ಕೇಳಿ ಮಾಲೀಕರ ಮುಖ ಕೆಡಿಸಬೇಡಿ. ಬೇರೆ ಸಮಯದಲ್ಲಿ ಕಣ ಸಿಕ್ಕರೂ ಸಿಮೆಂಟ್ ನೆಲಕ್ಕೆ ಗೂಟ ಇಳಿಯುವುದಿಲ್ಲ. ಕಲ್ಲು ತುಂಬಿದ ಚೀಲಕ್ಕೆ ಹಗ್ಗ ಕಟ್ಟಬೇಕು.

ಜಾಗ ಆರಿಸುವಾಗ ದಡವನ್ನು ಓದಲು ಬರಬೇಕು. ನೀರಿನಿಂದ ಮೇಲಕ್ಕೆ ನಡೆಯುತ್ತ ಹೋಗಿ. ಮೊದಲು ಕೆಸರು, ಆಮೇಲೆ ಹುಲ್ಲಿಲ್ಲದ ಕೆಂಪು ಮಣ್ಣಿನ ಪಟ್ಟಿ, ಅದರ ಮೇಲಂಚಿನಲ್ಲಿ ಒಣಗಿದ ಕಡ್ಡಿ, ಬೇರು, ಪ್ಲಾಸ್ಟಿಕ್ ಬಾಟಲಿ ಸಾಲಾಗಿ ಸಿಕ್ಕಿಕೊಂಡಿರುತ್ತವೆ, ಅಲ್ಲಿಂದ ಪೊದೆ ಶುರು. ಆ ಕಸದ ಸಾಲೇ ತುಂಬಿದಾಗ ನೀರು ನಿಂತ ಗೆರೆ. ಟೆಂಟು ಆ ಗೆರೆಗಿಂತ ಮೇಲೆ, ಸಾಧ್ಯವಾದರೆ ಎರಡು ಆಳೆತ್ತರ ಮೇಲೆ ಇರಬೇಕು. ಗೆರೆಯ ಕೆಳಗಿನ ಕೆಂಪು ಪಟ್ಟಿ ಸಮತಟ್ಟಾಗಿ ಕಂಡು ಕರೆಯುತ್ತದೆ, ಆದರೆ ಹಗಲು ಗಟ್ಟಿಯಾಗಿದ್ದ ಆ ಹೂಳು ಒಂದು ಮಳೆಗೆ ಅಂಟಾಗುತ್ತದೆ, ಗೂಟ ಬೆಣ್ಣೆಯಿಂದ ಚಾಕು ಎಳೆದಂತೆ ಕಿತ್ತು ಬರುತ್ತದೆ.

ತಗ್ಗಿನ ಮೂಲೆಯೂ ಬೇಡ. ರಾತ್ರಿ ಬೆಟ್ಟದ ತಂಪು ಗಾಳಿ ಇಳಿದು ಅಲ್ಲೇ ನಿಲ್ಲುತ್ತದೆ. ಕೊಯ್ಲಾದ ಗದ್ದೆ ಒಳ್ಳೆಯ ಜಾಗ, ಆದರೆ ಭತ್ತದ ಕೂಳೆ ಟೆಂಟಿನ ತಳ ಚುಚ್ಚುತ್ತದೆ. ಒಂದು ಕಂತೆ ಒಣಹುಲ್ಲು ಹರಡಿ ಅದರ ಮೇಲೆ ಟಾರ್ಪಾಲು ಹಾಸಿ. ತೋಟದೊಳಗಾದರೆ ತಲೆ ಎತ್ತಿ ನೋಡಿ. ಸಿಲ್ವರ್ ಓಕ್ ಕೊಂಬೆ ಗಾಳಿಗೆ ಸುಲಭವಾಗಿ ಮುರಿಯುತ್ತದೆ. ಎತ್ತರದ ಮರದಲ್ಲಿ ಹೆಜ್ಜೇನು ಕಟ್ಟಿದ್ದರೆ ಅದರ ಹತ್ತಿರ ಬೆಂಕಿ ಹಾಕಲೇಬೇಡಿ, ಹೊಗೆ ತಾಗಿದರೆ ಎದ್ದು ಬರುತ್ತವೆ.

'ನಾಲ್ಕು ಜನರ ಟೆಂಟ್' ಅಂದರೆ ಬ್ಯಾಗ್ ಇಲ್ಲದೆ, ಹೊರಳಾಡದೆ ಮಲಗುವ ನಾಲ್ವರು. ಮೂವರಿಗೆ ಲೆಕ್ಕ ಹಾಕಿ. ತಳದ ಟಾರ್ಪಾಲು ಟೆಂಟಿಗಿಂತ ಎಲ್ಲ ಕಡೆ ಎರಡು ಮೂರು ಇಂಚು ಚಿಕ್ಕದಾಗಿರಬೇಕು, ದೊಡ್ಡದಿದ್ದರೆ ಒಳಕ್ಕೆ ಮಡಚಿ. ಹೊರಗೆ ಚಾಚಿಕೊಂಡಿದ್ದರೆ ಮೇಲಿಂದ ಇಳಿದ ಮಳೆ ಅದರ ಮೇಲೆ ಬಿದ್ದು ನೇರ ನಿಮ್ಮ ಬೆನ್ನಡಿಗೆ ಹರಿಯುತ್ತದೆ. ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲಿರಲಿ, ಸುಮಾರು 45 ಡಿಗ್ರಿ. ಮಣ್ಣು ಮೆದುವಾಗಿದ್ದರೆ ಹಗ್ಗದ ತುದಿಗೆ ಮೊಳದುದ್ದದ ಕಟ್ಟಿಗೆ ಕಟ್ಟಿ, ಗೇಣುದ್ದ ಆಳದಲ್ಲಿ ಅಡ್ಡ ಹೂತು, ಮೇಲೆ ಮಣ್ಣು ತುಳಿಯಿರಿ. ಜೋರು ಗಾಳಿಗೂ ಸುಲಭಕ್ಕೆ ಬಗ್ಗುವುದಿಲ್ಲ.

ಹಿನ್ನೀರಿನ ಪಕ್ಕ ಮಲಗಿದವರ ಸಾಮಾನ್ಯ ದೂರು, 'ಮಳೆಯೇ ಬರಲಿಲ್ಲ, ಆದರೂ ಟೆಂಟ್ ಸೋರಿತು.' ಸೋರಿದ್ದಲ್ಲ. ಡಿಸೆಂಬರ್‌ನಲ್ಲಿ ನೀರಿನ ಮೇಲಿನ ಗಾಳಿಯಲ್ಲಿ ತೇವ ತುಂಬಿರುತ್ತದೆ, ಒಳಗಿನವರ ಉಸಿರೂ ಸೇರುತ್ತದೆ, ಟೆಂಟಿನ ಹೊರಹೊದಿಕೆ ತಣ್ಣಗಾದ ಕೂಡಲೇ ಅದರ ಒಳಮೈಗೆ ಹನಿ ಕೂತು ಬೆಳಗಿನ ಜಾವ ಮುಖದ ಮೇಲೆ ಬೀಳುತ್ತದೆ. ಚಳಿ ಅಂತ ಎಲ್ಲ ಜಿಪ್ಪೂ ಎಳೆದುಕೊಂಡವರಿಗೇ ಇದು ಜಾಸ್ತಿ. ಮೇಲಿನ ಗಾಳಿಕಿಂಡಿ ಎರಡೂ ತೆರೆದಿಡಿ, ಹೊರಹೊದಿಕೆ ಒಳಗಿನ ಬಟ್ಟೆಗೆ ತಾಗದಂತೆ ಹಗ್ಗ ಬಿಗಿಯಿರಿ, ಒದ್ದೆ ಬಟ್ಟೆ ಒಳಗೆ ತರಬೇಡಿ. ಚಳಿಗೆ ಮೇಲೆ ಎರಡು ಕಂಬಳಿ ಹೊದೆಯುವುದಕ್ಕಿಂತ ಕೆಳಗೊಂದು ಹಾಸುವುದು ಲೇಸು. ನೆಲವೇ ಹೆಚ್ಚು ಶಾಖ ಎಳೆಯುವುದು.

ನೀರು ತಲೆಗೆ ದಿನಕ್ಕೆ ಕುಡಿಯಲು 3 ಲೀಟರ್, ಅಡುಗೆ, ಪಾತ್ರೆ, ಕೈಕಾಲಿಗೆ ಇನ್ನೊಂದು 4. ನಾಲ್ವರು ಒಂದು ದಿನ ಕಳೆಯಲು 20 ಲೀಟರಿನ ಒಂದು ಕ್ಯಾನ್ ಸಾಲದು, ಎರಡು ತನ್ನಿ. ಹಿನ್ನೀರನ್ನು ಪಾತ್ರೆಗೆ ಬಳಸಬಹುದು. ಕುಡಿಯಲೇಬೇಕಾದರೆ ದಪ್ಪ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಯಲು ಶುರುವಾದ ಮೇಲೆ ಪೂರ್ತಿ ಒಂದು ನಿಮಿಷ ಕುದಿಸಿ. ಗ್ಯಾಸ್, ಪೆಟ್ರೋಲ್, ಎಟಿಎಂ ಎಲ್ಲ ಕುಶಾಲನಗರದಲ್ಲೇ ಮುಗಿಸಿ. ಸಣ್ಣ ಬ್ಯುಟೇನ್ ಡಬ್ಬಿ ಬೆಳಗಿನ ಚಳಿಗೆ ಉರಿ ಕಡಿಮೆ ಕೊಟ್ಟರೆ ಖಾಲಿಯಾಯಿತೆಂದು ಎಸೆಯಬೇಡಿ. ರಾತ್ರಿ ಕಂಬಳಿಯೊಳಗೆ ಸುತ್ತಿಟ್ಟಿದ್ದರೆ ಸರಿಯಾಗಿ ಉರಿಯುತ್ತದೆ. ಒಲೆ ಮಾತ್ರ ಟೆಂಟಿನ ಹೊರಗೇ. ಒಳಗೆ ಹಚ್ಚಿದರೆ ಇಂಗಾಲದ ವಿಷಾನಿಲ ಮಲಗಿದಲ್ಲೇ ಜೀವ ತೆಗೆಯುತ್ತದೆ. ಕೆಂಡದ ಬಾಣಲೆಗೂ ಇದೇ ಮಾತು.

ಊಟ ಹೋಂಸ್ಟೇ ಅಡುಗೆಮನೆಯಿಂದಲೇ ಬರಲಿ ಎನ್ನುವುದು ನನ್ನ ಪಕ್ಷಪಾತ. ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಪಂದಿ ಕರಿ (ಹಂದಿ ಮಾಂಸದ ಸಾರು) ಬಿಸಿಯಾಗಿ ಸಿಗುವಾಗ ನೂಡಲ್ಸ್ ಬೇಯಿಸುತ್ತ ಕೂರುವುದೇಕೆ? ಆದರೆ ಉಳಿದದ್ದನ್ನು ಟೆಂಟಿನಲ್ಲಿ ಇಡಬೇಡಿ. ಬಾಳೆಹಣ್ಣು, ಹಲಸು, ಬೆಲ್ಲ, ಅಕ್ಕಿ, ಉಪ್ಪು ಇವುಗಳ ವಾಸನೆಯನ್ನು ಆನೆ ದೂರದಿಂದಲೇ ಹಿಡಿಯುತ್ತದೆ. ಎಲ್ಲವನ್ನೂ ಮನೆಯೊಳಗೆ ಕೊಟ್ಟುಬಿಡಿ. ದಡದಲ್ಲಿ ಹಸಿ ಲದ್ದಿ ಕಂಡರೆ ಆ ಸಂಜೆಯೇ ಮನೆಯವರಿಗೆ ಹೇಳಿ ಜಾಗ ಬದಲಿಸಿ. ರಾತ್ರಿ ಆನೆ ಬಂದರೆ ಟಾರ್ಚ್ ಮುಖಕ್ಕೆ ಬಿಡುವುದು, ಮೊಬೈಲ್ ಹಿಡಿದು ಹತ್ತಿರ ಹೋಗುವುದು ಬೇಡ; ಸದ್ದಿಲ್ಲದೆ ಎಲ್ಲರೂ ಸೂರಿನೊಳಗೆ ಸೇರಿ.

ಈಜಬೇಡಿ. ಮೇಲಿಂದ ಕಾಣುವ ತಿಳಿನೀರಿನ ಕೆಳಗೆ ಹೂಳು ಮೊಣಕಾಲಿನವರೆಗೆ ಹಿಡಿಯುತ್ತದೆ, ಹಳೆಯ ಹೊಳೆಯ ಪಾತ್ರ ಇದ್ದಲ್ಲಿ ನೆಲ ಒಮ್ಮೆಲೇ ಕುಸಿದು ಆಳವಾಗುತ್ತದೆ, ಮುಳುಗಿದ ಮರದ ಬೊಡ್ಡೆಗಳು ಕಾಣುವುದೇ ಇಲ್ಲ. ಕಾಲು ತೊಳೆಯಲು ಇಳಿಯುವಾಗಲೂ ಕೋಲಿನಿಂದ ಮುಂದೆ ಚುಚ್ಚಿ ನೋಡಿ.

ಮಳೆ ಬಿದ್ದ ಮರುದಿನ ಜಿಗಣೆ ಗ್ಯಾರಂಟಿ. ಕಾಲುಚೀಲದೊಳಗೆ ಪ್ಯಾಂಟ್ ತೂರಿಸಿ, ಕಾಲುಚೀಲಕ್ಕೆ ನಶ್ಯ ಅಥವಾ ಹೊಗೆಸೊಪ್ಪಿನ ನೀರು ಸವರಿ. ಹಿಡಿದದ್ದನ್ನು ಎಳೆಯದೆ ಉಗುರಿನಿಂದ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ.

ಬೆಳಿಗ್ಗೆ ಹೊರಡುವ ಆತುರದಲ್ಲಿ ಒದ್ದೆ ಟೆಂಟನ್ನು ಚೀಲಕ್ಕೆ ತುರುಕುವುದು ಎಲ್ಲರೂ ಮಾಡುವ ತಪ್ಪು. ಇಬ್ಬನಿ ಆರುವಾಗ ಬೆಳಿಗ್ಗೆ ಹತ್ತಾದರೂ ಆಗುತ್ತದೆ, ಹಾಗಾಗಿ ಚೆಕ್‌ಔಟ್ ಹನ್ನೊಂದಕ್ಕೆ ಅಂತ ಬುಕ್ ಮಾಡುವಾಗಲೇ ಮಾತಾಡಿಕೊಳ್ಳಿ. ಅದೂ ಆಗದಿದ್ದರೆ ಮನೆ ಸೇರಿದ ದಿನವೇ ಬಿಚ್ಚಿ ನೆರಳಲ್ಲಿ ಹರಡಿ. ಎರಡು ದಿನ ಬಿಟ್ಟರೆ ಹೊಲಿಗೆಯ ಉದ್ದಕ್ಕೂ ಕಪ್ಪು ಬೂಷ್ಟು ಕೂರುತ್ತದೆ, ಅದು ತೊಳೆದರೂ ಹೋಗುವುದಿಲ್ಲ.