ಒಮ್ಮೆ ಹಾಕಿದ ಬಟ್ಟೆ ಎಲ್ಲಿಡಬೇಕು?

ಒಮ್ಮೆ ಹಾಕಿದ, ಇನ್ನೂ ಕೊಳೆಯಾಗದ ಬಟ್ಟೆ ಕುರ್ಚಿಯ ಮೇಲೆ ರಾಶಿ ಬೀಳುವುದು ಅದಕ್ಕೆಂದೇ ಜಾಗ ಇಲ್ಲದ್ದರಿಂದ. ಬಿಚ್ಚಿದ ಕೂಡಲೇ ಬೀರುವಿಗೆ ಸೇರಿಸಬೇಡಿ. ಅದರ ಬೆವರಿನ ತೇವದಿಂದ, ಅಲ್ಲಿರುವ ಒಗೆದ ಬಟ್ಟೆಗೂ ಮುಗ್ಗಲು ವಾಸನೆ ಹತ್ತುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಂತೂ ಬೂಷ್ಟೇ ಬರುತ್ತದೆ.

ಬಾಗಿಲ ಹಿಂದೆ ಒಬ್ಬರಿಗೆ 4 ಗೂಟ ಸಾಕು. ಒಂದು ಗೂಟಕ್ಕೆ ಒಂದೇ ಬಟ್ಟೆ, ಗಾಳಿಯಾಡಲಿ. ಐದನೆಯದು ಬಂತೆಂದರೆ ಹಳೆಯದೊಂದು ಒಗೆಯಲು ಹೋಗಬೇಕು. ಕಂಕುಳು, ಕಾಲರ್ ಮೂಸಿ ನೋಡಿ. ಜೀನ್ಸ್ ನಾಲ್ಕೈದು ಸಲಕ್ಕೆ ತಡೆಯುತ್ತದೆ. ಬನಿಯನ್, ಕಾಲುಚೀಲ ಒಂದೇ ಸಲ.

ರೇಷ್ಮೆ ಸೀರೆಯನ್ನು ಮಾತ್ರ ಗೂಟಕ್ಕೆ ಹಾಕಬೇಡಿ. ನೆರಳಲ್ಲಿ, ಫ್ಯಾನಿನಡಿ 3–4 ಗಂಟೆ ಹರವಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ನುಸಿಗುಳಿಗೆ ಜರಿಗೆ ತಾಗದಿರಲಿ. ಕೆಲವು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಒಂದೇ ಗೆರೆಯಲ್ಲಿದ್ದರೆ ಅಲ್ಲೇ ಸೀಳುತ್ತದೆ.