ಗನ್ ಇಲ್ಲದ ಸ್ಪಿಟ್‌ಫೈರ್

ಮೊದಲೇ ಹೇಳಿಬಿಡುತ್ತೇನೆ, ಶನಿವಾರ ಹೋಗಬೇಡಿ. ಇಂಗ್ಲೆಂಡಿನ ಲಿಂಕನ್‌ಶೈರ್‌ನ ಕೋನಿಂಗ್ಸ್‌ಬಿ ವಾಯುನೆಲೆಯಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಮಾನಗಳನ್ನು ಇವತ್ತಿಗೂ ಹಾರಿಸುತ್ತಾರೆ. ಹ್ಯಾಂಗರ್ ಒಳಗೆ ಕರೆದುಕೊಂಡು ಹೋಗಿ ತೋರಿಸುವುದು ಮಾತ್ರ ವಾರದ ದಿನಗಳಲ್ಲಿ. ಅದನ್ನು ವಿಚಾರಿಸದೆ, ನಾಟಿಂಗ್‌ಹ್ಯಾಮ್‌ನ ಅಕ್ಕನ ಮನೆಯಿಂದ ಭಾವನ ಕಾರಿನಲ್ಲಿ ಹೋಗಿ ಮುಚ್ಚಿದ ಬಾಗಿಲು ನೋಡಿಕೊಂಡು ಬಂದೆವು. ವಾಪಸ್ ಬರುವಾಗ ಭಾವ ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ವಾಸಿ ಅನ್ನಿಸಿತು.

  

ಮಂಗಳವಾರ ರೈಲು, ಬಸ್ಸು ಹಿಡಿದು ಒಬ್ಬನೇ ಮತ್ತೆ ಹೋದೆ. ನಾನು ಬೆಂಗಳೂರಿನ ಎಚ್‌ಎಎಲ್ ಹತ್ತಿರ ಬೆಳೆದವನು. ಜೆಟ್ ಸದ್ದಿಗೆ ಕಿಟಕಿ ನಡುಗುವುದು ನಮಗೆ ದಿನಾ ಇದ್ದದ್ದೇ. ಹಾಗಾಗಿ ಫ್ಯಾನ್ ತಿರುಗುವ ವಿಮಾನ ಅಂದರೆ ಒಳಗೊಳಗೇ ಸ್ವಲ್ಪ ತಾತ್ಸಾರ.

ಗುಂಪಿನವರೆಲ್ಲ ಲ್ಯಾಂಕಾಸ್ಟರ್ ಬಾಂಬರ್ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಮಗೆ ತೋರಿಸುತ್ತಿದ್ದ ಅಜ್ಜ ನನ್ನನ್ನು ಸ್ಪಿಟ್‌ಫೈರ್ ಎಂಬ ಒಂಟಿ ಸೀಟಿನ ಬ್ರಿಟಿಷ್ ಯುದ್ಧವಿಮಾನದ ಹತ್ತಿರ ನಿಲ್ಲಿಸಿದರು. "ಇದರ ಗನ್ ಎಲ್ಲಿದೆ, ಹುಡುಕಿ." ರೆಕ್ಕೆ ಉದ್ದಕ್ಕೂ ನೋಡಿದೆ. ಇಲ್ಲ. ಅದು 19ನೇ ಮಾದರಿ, ಶತ್ರುವಿನ ನೆಲದ ಫೋಟೊ ತೆಗೆದುಕೊಂಡು ಓಡಿ ಬರುವುದಕ್ಕೆಂದೇ ಮಾಡಿದ್ದು. ರೆಕ್ಕೆ ತುಂಬಾ ಪೆಟ್ರೋಲು. ಹೊಟ್ಟೆಯಲ್ಲಿ ಕ್ಯಾಮೆರಾ. ಮುಂದೆ ಐದು ಅಲಗಿನ ಪ್ರೊಪೆಲ್ಲರ್.

"ಎಷ್ಟು ಎತ್ತರ ಹೋಗುತ್ತಿತ್ತು?" ಎಂದೆ.

"ನೀವು ಭಾರತದಿಂದ ಬರುವಾಗ ಎಷ್ಟು ಎತ್ತರದಲ್ಲಿದ್ದಿರಿ?"

ಮುಂದಿನ ಸೀಟಿನ ಪರದೆ ನೆನಪಿತ್ತು. "38 ಸಾವಿರ ಅಡಿ."

"ಹಾಗಾದರೆ ಇದು ನಿಮ್ಮ ತಲೆ ಮೇಲೆ."

ನಾನು ನಕ್ಕೆ. ಅವರು ನಗಲಿಲ್ಲ. 1952ರ ಫೆಬ್ರುವರಿ 5ರಂದು ಟೆಡ್ ಪೌಲ್ಸ್ ಎಂಬ ಪೈಲಟ್ ಹಾಂಗ್‌ಕಾಂಗ್‌ನಿಂದ ಇಂಥದ್ದೇ ವಿಮಾನದಲ್ಲಿ ಹವಾಮಾನ ಅಳೆಯಲು ಏರುತ್ತಾ ಹೋಗಿ 51,550 ಅಡಿ ಮುಟ್ಟಿದರಂತೆ. ಅಂದರೆ 15 ಕಿಲೋಮೀಟರ್‌ಗೂ ಜಾಸ್ತಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಒಂಬತ್ತರಲ್ಲಿ ಒಂದು ಪಾಲು.

ಎಂಜಿನ್‌ಗೆ ಉಸಿರು ಎಲ್ಲಿಂದ? ಸೂಪರ್‌ಚಾರ್ಜರ್ ತೆಳು ಗಾಳಿಯನ್ನು ಎರಡು ಹಂತದಲ್ಲಿ ಒತ್ತಿ ಎಂಜಿನ್‌ಗೆ ಊಡುತ್ತದೆ. ಸೈಕಲ್ ಪಂಪಿನ ಹಾಗೆ, ಒತ್ತಿದರೆ ಬಿಸಿಯೂ ಆಗುತ್ತದೆ, ತಣ್ಣಗೂ ಮಾಡಬೇಕು. ಎಂಜಿನ್ ಹೇಗೋ ಉಸಿರಾಡಿದರೂ ಪ್ರೊಪೆಲ್ಲರ್‌ಗೆ ಹಿಡಿಯಲು ಗಾಳಿ ಬೇಕಲ್ವಾ? ರೆಕ್ಕೆಗೂ ಬೇಕು. ನಿಧಾನವಾದರೆ ಬೀಳುತ್ತೆ. ಸ್ವಲ್ಪ ಜೋರಾದರೆ ಶಬ್ದದ ವೇಗ ಹತ್ತಿರವಾಗಿ ಹಿಡಿತ ತಪ್ಪುತ್ತೆ. ಮೇಲೆ ಹೋದಷ್ಟೂ ಇವೆರಡರ ಮಧ್ಯದ ದಾರಿ ಕಿರಿದಾಗುತ್ತದೆ. ಅಜ್ಜ ಎರಡು ಅಂಗೈ ಹತ್ತಿರ ತಂದು ತೋರಿಸಿದರು.

ಪೌಲ್ಸ್‌ಗೆ ಆಗಿದ್ದೂ ಅದೇ. ಕಾಕ್‌ಪಿಟ್ ಒಳಗಿನ ಒತ್ತಡ ಕುಸಿಯಿತೆಂದು ಬೇಗ ಇಳಿಯಲು ಹೋದರು. ವಿಮಾನ ಗಡಗಡ ನಡುಗುತ್ತಾ ತಲೆಕೆಳಗಾಗಿ ಧುಮುಕಿತು. ಮತ್ತೆ ಕೈಗೆ ಸಿಕ್ಕಿದ್ದು 3,000 ಅಡಿಗಿಂತ ಕೆಳಗೆ. ನಮ್ಮ ಬೆಂಗಳೂರೇ ಸಮುದ್ರಮಟ್ಟದಿಂದ ಅಷ್ಟು ಎತ್ತರದಲ್ಲಿದೆ!

"ಆದರೂ ಇದಕ್ಕೆ ಗನ್ ಇಲ್ಲ, ಯುದ್ಧ ಮಾಡಿಲ್ಲ" ಎಂದು ನಾನು ಸುಮ್ನೆ ಕೆಣಕಿದೆ. ಅಜ್ಜನಿಗೆ ಅಷ್ಟೇ ಸಾಕಾಯಿತು. 1942ರ ಸೆಪ್ಟೆಂಬರ್ 12, ಸೌತಾಂಪ್ಟನ್ ಮೇಲೆ. ಜರ್ಮನಿಯ ಯುಂಕರ್ಸ್ 86 ಬಾಂಬರ್, ಗಾಳಿಯ ಒತ್ತಡ ಕಾಯ್ದಿಟ್ಟ ಕ್ಯಾಬಿನ್ ಒಳಗೆ ಇಬ್ಬರು. ಅಷ್ಟು ಎತ್ತರಕ್ಕೆ ಯಾರೂ ಬರಲಾರರು ಅನ್ನೋ ಧೈರ್ಯ. ಬಂದವರು ಬ್ರಿಟಿಷ್ ವಾಯುಪಡೆಯ ಪೈಲಟ್ ಇಮ್ಯಾನುಯೆಲ್ ಗಾಲಿಟ್ಸಿನ್, ಕ್ರಾಂತಿಯ ನಂತರ ರಷ್ಯಾ ಬಿಟ್ಟ ರಾಜಮನೆತನದವರು. ಅವರದು ಬೇರೆ ಮಾದರಿಯ ಸ್ಪಿಟ್‌ಫೈರ್; ಕವಚ, ಮೆಷಿನ್‌ಗನ್ ಎಲ್ಲ ಕಿತ್ತು, ಎರಡು ಫಿರಂಗಿ ಮಾತ್ರ ಬಿಟ್ಟು ಹಗುರ ಮಾಡಿದ್ದರು. 43 ಸಾವಿರ ಅಡಿ ಮೇಲೆ ಜಟಾಪಟಿ. ಚಳಿಗೆ ಎಡಗಡೆಯ ಫಿರಂಗಿ ಕಚ್ಚಿಕೊಂಡಿತು. ಬಲಗಡೆಯದನ್ನು ಹಾರಿಸಿದಾಗಲೆಲ್ಲ ವಿಮಾನವೇ ಪಕ್ಕಕ್ಕೆ ತಿರುಗುತ್ತಿತ್ತು. ಜರ್ಮನ್ನರು ತಪ್ಪಿಸಿಕೊಂಡರು.

ಸುತ್ತ ನೋಡಿದರೆ ನಮ್ಮ ಗುಂಪು ಯಾವಾಗಲೋ ಹೋಗಿಯಾಗಿತ್ತು. ಬಸ್ಸೂ ಹೋಗಿತ್ತು. ಮುಂದಿನದಕ್ಕೆ ಹೋದರೆ ರೈಲು ಸಿಗುವುದಿಲ್ಲ. ಭಾವನಿಗೆ ಫೋನ್ ಮಾಡಿದೆ. ಈ ಸಲ ಅವರು ಸುಮ್ಮನಿರಲಿಲ್ಲ.